ಕರುಳಿನ ಬ್ಯಾಕ್ಟೀರಿಯಾಗೆ ದಿನಾ ಊಟ ಹಾಕಿದೆ

ನಾನು ಡಯಟೀಷಿಯನ್. ಸೊಂಟದ ಸುತ್ತಳತೆ 80 ಸೆಂ.ಮೀ. ದಾಟಿದ ಹೆಂಗಸರಿಗೆ ಇನ್ಸುಲಿನ್ ರೆಸಿಸ್ಟೆನ್ಸ್ (ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸದಿರುವುದು) ಬಗ್ಗೆ ಹೇಳುವುದು ನನ್ನ ದಿನದ ಕೆಲಸ. ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ ಎಚ್‌ಬಿಎ1ಸಿ; ನನ್ನದೇ ಶೇ. 6.1 ಬಂತು. 5.7 ಮುಟ್ಟಿದರೆ ಪ್ರಿಡಯಾಬಿಟಿಸ್, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, ಅಲ್ವಾ? ಆಗ ನೆನಪಾಗಿದ್ದು ಆಮ್‌ಸ್ಟರ್‌ಡ್ಯಾಮಿನ ಒಂದು ಪ್ರಯೋಗ.

ಅದು ಪ್ರಕಟವಾಗಿದ್ದು 2012ರಲ್ಲಿ. ಬೊಜ್ಜು, ಮೆಟಬಾಲಿಕ್ ಸಿಂಡ್ರೋಮ್ (ಹೊಟ್ಟೆಯ ಬೊಜ್ಜು, ಶುಗರ್, ಬಿಪಿ, ರಕ್ತದ ಕೊಬ್ಬಿನ ಏರುಪೇರುಗಳು ಒಟ್ಟಿಗೆ ಬರುವುದು) ಇದ್ದ ಗಂಡಸರ ಕರುಳಿಗೆ ತೆಳ್ಳಗಿನವರ ಮಲದ ಬ್ಯಾಕ್ಟೀರಿಯಾ ಸೇರಿಸಿದರು. 6 ವಾರಕ್ಕೆ ಅವರ ದೇಹ ಇನ್ಸುಲಿನ್ ಮಾತನ್ನು ಚೆನ್ನಾಗಿ ಕೇಳತೊಡಗಿತ್ತು. ತೂಕ ಮಾತ್ರ ಇಳಿದಿರಲಿಲ್ಲ! ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ ತಯಾರಿಸುವ ಬ್ಯಾಕ್ಟೀರಿಯಾ ಜಾಸ್ತಿಯಾಗಿದ್ದವು. ಮುಂದೆ ಇನ್ನಷ್ಟು ಜನರ ಮೇಲೆ ಮಾಡಿದಾಗ, 18 ವಾರಕ್ಕೆ ಆ ಲಾಭ ಉಳಿದಿರಲಿಲ್ಲ. ನನಗೆ ಮುಖ್ಯ ಅನ್ನಿಸಿದ್ದೇ ಇದು. ಹೊಸ ಬ್ಯಾಕ್ಟೀರಿಯಾ ತಂದು ಬಿಟ್ಟರೆ ಸಾಲದು. ಇರುವವನ್ನೇ ದಿನಾ ಊಟ ಹಾಕಿ ಸಾಕೋಣ ಅಂದುಕೊಂಡೆ. ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ ಪ್ರೋಬಯಾಟಿಕ್ ಕ್ಯಾಪ್ಸೂಲ್ ಕೊಳ್ಳಲಿಲ್ಲ.

ಅವಕ್ಕೆ ಬೇಕಾದ ಊಟ ಅಂದರೆ ನಾರು. ನಾವು ಅರಗಿಸಿಕೊಳ್ಳಲಾಗದ ನಾರನ್ನು ದೊಡ್ಡ ಕರುಳಿನಲ್ಲಿ ಅವು ಹುದುಗಿಸುತ್ತವೆ. ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲಗಳು ಹುಟ್ಟುತ್ತವೆ. ಇವು ಊಟದ ನಂತರ ಇನ್ಸುಲಿನ್ ಹೊರಬರಲು ಸಹಾಯ ಮಾಡುವ ಜಿಎಲ್‌ಪಿ-1 ಹಾರ್ಮೋನು ಬಿಡುಗಡೆಯಾಗಲು ನೆರವಾಗುತ್ತವೆ. ಬ್ಯುಟಿರೇಟ್ ಕರುಳಿನ ಒಳಪದರವನ್ನೂ ಗಟ್ಟಿಯಾಗಿಡುತ್ತದೆ. ಆ ಪದರ ಸಡಿಲವಾದರೆ ಕೆಲವು ಬ್ಯಾಕ್ಟೀರಿಯಾಗಳ ಹೊರಕವಚದ ಚೂರುಗಳು ರಕ್ತಕ್ಕೆ ಸೋರುತ್ತವೆ. ಸಣ್ಣ ಉರಿಯೂತ ಸದಾ ಇರುತ್ತದೆ. ಇನ್ಸುಲಿನ್ ಎಷ್ಟಿದ್ದರೂ ಜೀವಕೋಶಗಳು ಸರಿಯಾಗಿ ಸ್ಪಂದಿಸುವುದಿಲ್ಲ.

ಬೆಳಗಿನ ಇಡ್ಲಿಯನ್ನು ಅರ್ಧಕ್ಕೆ ಇಳಿಸಿ, ಪಕ್ಕಕ್ಕೆ ಮೊಳಕೆ ಹುರುಳಿ ಉಸಲಿ ಇಟ್ಟುಕೊಂಡೆ. ಹುರುಳಿ ರಾತ್ರಿಯಿಡೀ ನೆನೆಯಬೇಕು. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದೆ. ಮಾರನೇ ದಿನ ಬಿಳಿ ಮೊಳಕೆ ಇಣುಕಿದಾಗ ಶುಂಠಿ, ಇಂಗು ಹಾಕಿ ಮೆತ್ತಗೆ ಬೇಯಿಸಿದರೆ ಆಯಿತು. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ. ಸೊಪ್ಪು ಮಾತ್ರ ಬದಲಾಯಿಸುತ್ತಲೇ ಇದ್ದೆ: ದಂಟು, ನುಗ್ಗೆ, ಮೆಂತ್ಯ, ಸಬ್ಬಸಿಗೆ. ಬೇರೆ ಬೇರೆ ಬ್ಯಾಕ್ಟೀರಿಯಾಗೆ ಬೇರೆ ಬೇರೆ ನಾರು ಬೇಕು.

ಕಾಳು ಒಂದೇ ಸಲಕ್ಕೆ ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬರಿಸುತ್ತದೆ. ಎಷ್ಟೋ ಜನ ಇದಕ್ಕೆ ಹೆದರಿ ಬಿಟ್ಟೇಬಿಡುತ್ತಾರೆ, ನೋಡಿದಾಗ ಬೇಜಾರಾಗುತ್ತದೆ. ನಾನು ಒಂದು ಹಿಡಿಯಿಂದ ಶುರು ಮಾಡಿ ವಾರವಾರವೂ ಸ್ವಲ್ಪ ಸ್ವಲ್ಪ ಏರಿಸಿದೆ. ನೀರು ಚೆನ್ನಾಗಿ ಕುಡಿದೆ. ಗ್ಯಾಸ್ ತಾನಾಗಿ ತಗ್ಗಿತು.

ಮುಂದಿನ ಪರೀಕ್ಷೆಯಲ್ಲಿ 5.6 ಬಂತು. ತೂಕ ಇಳಿದಿದ್ದು ಸ್ವಲ್ಪವೇ. ರಾತ್ರಿ ಊಟದ ನಂತರ ನಡೆಯುವುದನ್ನೂ ರೂಢಿ ಮಾಡಿಕೊಂಡಿದ್ದೆ, ಹಾಗಾಗಿ ಎಲ್ಲಾ ಬ್ಯಾಕ್ಟೀರಿಯಾದಿಂದಲೇ ಆಯಿತು ಅನ್ನುವುದಿಲ್ಲ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬದಲಿಸುವ ಮೊದಲು ಡಾಕ್ಟರಿಗೆ ತಿಳಿಸಿ. ಡೋಸ್ ಬದಲಿಸಬೇಕಾಗಬಹುದು.