ದಾಂಡೇಲಿ ಸಫಾರಿ ಮೊದಲು, ನೇತ್ರಾಣಿ ಡೈವ್ ಆಮೇಲೆ

ಉತ್ತರ ಕನ್ನಡದಲ್ಲಿ ಕಾಡು, ಕಡಲು ಎರಡನ್ನೂ ನಾಲ್ಕು ದಿನದಲ್ಲಿ ನೋಡಬಹುದು, ಆದರೆ ಕ್ರಮ ತಪ್ಪಬಾರದು. ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವ್ (ಗಾಳಿ ಸಿಲಿಂಡರ್ ಹೊತ್ತು ಕಡಲೊಳಗೆ ಇಳಿಯುವುದು) ಮಾಡಿದ ಮೇಲೆ ರಕ್ತದಲ್ಲಿ ಹೆಚ್ಚುವರಿ ಸಾರಜನಕ ಉಳಿದಿರುತ್ತದೆ. ತಕ್ಷಣ ಘಟ್ಟ ಹತ್ತಿದರೆ ಗಾಳಿಯ ಒತ್ತಡ ಇಳಿದು ಅದು ಗುಳ್ಳೆಯಾಗಬಹುದು. ಹಾಗಾಗಿ ದಾಂಡೇಲಿ ಮುಗಿಸಿಯೇ ಮುರುಡೇಶ್ವರಕ್ಕೆ ಇಳಿಯಿರಿ. ಡೈವ್ ಆದ ರಾತ್ರಿ ಕರಾವಳಿಯಲ್ಲೇ ತಂಗಿ. ವಿಮಾನಕ್ಕೆ ಒಂದೇ ಡೈವ್ ಆದರೆ ಕನಿಷ್ಠ 12, ಒಂದಕ್ಕಿಂತ ಹೆಚ್ಚು ಡೈವ್ ಆದರೆ ಕನಿಷ್ಠ 18 ಗಂಟೆ ಅಂತರ ಬೇಕು.

ದಾಂಡೇಲಿಯ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಬೆಳಗಿನ ಜೀಪೇ ಒಳ್ಳೆಯದು. ಕಾಡು ದಟ್ಟ, ಹುಲಿ ಕಾಣುವುದು ಅಪರೂಪ. ಮಂಗಟ್ಟೆ ಹಕ್ಕಿಗಳಿಗಾಗಿ ತಲೆ ಎತ್ತಿ ನೋಡಿ. ಮಂದ ಬಣ್ಣದ ಬಟ್ಟೆ ಸಾಕು, ಸೆಂಟು ಬೇಡ.

ನೇತ್ರಾಣಿ ಮುರುಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ಮಳೆಗಾಲದಲ್ಲಿ ಡೈವಿಂಗ್ ಇಲ್ಲ. ಡಿಸೆಂಬರ್, ಜನವರಿ ಉತ್ತಮ. ದೋಣಿ ತುಂಬಾ ತೂಗಾಡುತ್ತದೆ. ಎರಡು ಗಂಟೆ ಮೊದಲು ಎರಡು ಇಡ್ಲಿ ತಿನ್ನಿ, ವಾಂತಿ ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಿಕೊಂಡಿರಿ. ನೆಗಡಿ ಇದ್ದರೆ ನೀರಿಗಿಳಿಯಲೇಬೇಡಿ, ಕಿವಿಯ ಒತ್ತಡ ಸರಿಹೋಗುವುದಿಲ್ಲ.

ಕೆಳಗಿಳಿಯುವಾಗ ಪ್ರತಿ ಅರ್ಧ ಮೀಟರಿಗೆ ಮೂಗು ಹಿಡಿದು ಮೆಲ್ಲಗೆ ಊದಿ, ನೋವಾಗುವವರೆಗೆ ಕಾಯಬೇಡಿ. ಆಗಲೇ ನೋವಿದ್ದರೆ ಜೋರಾಗಿ ಊದದೆ ಒಂದು ಮೀಟರು ಮೇಲೆ ಬನ್ನಿ. ಉಸಿರನ್ನು ಎಂದಿಗೂ ಹಿಡಿಯಬಾರದು: ಮೇಲೇರುವಾಗ ಗಾಳಿ ಹಿಗ್ಗಿ ಶ್ವಾಸಕೋಶ ಹರಿದುಹೋಗಬಹುದು. ಮಾಸ್ಕಿಗೆ ನೀರು ನುಗ್ಗಿದರೆ ಅಂಚಿನಲ್ಲಿ ಕೂದಲು ಅಥವಾ ಮೀಸೆ ಸಿಕ್ಕಿರಬಹುದು. ಪಟ್ಟಿ ಅತಿಯಾಗಿ ಬಿಗಿದರೆ ಇನ್ನಷ್ಟು ಸೋರಬಹುದು. ಹವಳ ಮುಟ್ಟಬೇಡಿ.