ನಾಯಿ, ಬೆಕ್ಕಿಗೆ ಆಪರೇಷನ್ ಇದೆಯಾ? ಎಚ್ಚರವಾಗುವ ಹೊತ್ತಿನಲ್ಲಿ ಹತ್ತಿರವೇ ಇರಿ

ಆಪರೇಷನ್‌ಗೆ ತಾರೀಖು ಹಾಕಿಸುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿ. ನಾಯಿ ಚೆನ್ನಾಗಿ ತಿಂದುಕೊಂಡು ಓಡಾಡಿಕೊಂಡಿದೆ, ಸುಮ್ನೆ ಯಾಕೆ ಖರ್ಚು ಅನ್ನಬೇಡಿ. ನಮ್ಮ ಕಡೆ ರಕ್ತ ಹೀರುವ ಉಣ್ಣೆ ಹುಳುಗಳ ಕಾಟ ಜಾಸ್ತಿ. ಉಣ್ಣೆಯಿಂದ ಬರುವ ಟಿಕ್ ಫೀವರ್ ಎಷ್ಟೋ ಸಲ ಹೊರಗೆ ಕಾಣಿಸುವುದೇ ಇಲ್ಲ, ಒಳಗೊಳಗೇ ಪ್ಲೇಟ್‌ಲೆಟ್ ಇಳಿಸಿರುತ್ತದೆ. ಅದು ಗೊತ್ತಾಗದೆ ಹೊಟ್ಟೆ ಕೊಯ್ದರೆ ರಕ್ತ ನಿಲ್ಲುವುದು ಕಷ್ಟ.

ನಮ್ಮ ಗೌರಿ ಬೀದಿಯಿಂದ ಬಂದ ನಾಟಿ ನಾಯಿ. ಗರ್ಭಕೋಶ ತೆಗೆಸಲು ಹೋದಾಗ ಅವಳಿಗೂ ಪ್ಲೇಟ್‌ಲೆಟ್ ಕಮ್ಮಿ ಬಂತು. ಡಾಕ್ಟರು ತಾರೀಖು ಮುಂದೆ ಹಾಕಿ, "ಮೊದಲು ಟಿಕ್ ಫೀವರ್‌ಗೆ ಡಾಕ್ಸಿಸೈಕ್ಲಿನ್ ಮದ್ದಿನ ಕೋರ್ಸ್ ಮುಗಿಸಿ, ಆಮೇಲೆ ನೋಡೋಣ" ಎಂದರು. ಅಂಥ ಡಾಕ್ಟರು ಸಿಕ್ಕರೆ ಬಿಡಬೇಡಿ. ಕಿಡ್ನಿ, ಲಿವರ್ ಪರೀಕ್ಷೆಯೂ ಆಗಲಿ. ಇಂಜೆಕ್ಷನ್ನಿನ ಮಂಪರು ಮದ್ದನ್ನು ಮೈಯಿಂದ ಹೊರಗೆ ಹಾಕುವುದು ಬಹುಮಟ್ಟಿಗೆ ಅವೇ.

ತಳಿಯನ್ನೂ ನೋಡಬೇಕು. ಪಗ್, ಶಿಹ್ ತ್ಸುಗಳಿಗೆ ಮೂಗು ಮೊಂಡು, ಮಂಪರಿನಲ್ಲಿ ಉಸಿರು ಕಟ್ಟುವ ಭಯ ಇದ್ದೇ ಇದೆ. ಡಾಬರ್‌ಮನ್ ಆದರೆ ಹೃದಯ ಪರೀಕ್ಷೆ ಮಾಡಿಸಿ. ಮುಧೋಳದಂಥ ಬೇಟೆ ನಾಯಿಗಳ ಮೈಯಲ್ಲಿ ಕೊಬ್ಬು ಬಹಳ ಕಡಿಮೆ. ಥಯೋಪೆಂಟೋನ್‌ನಂಥ ಮಂಪರು ಮದ್ದು ಕೊಟ್ಟರೆ ಏಳುವುದು ತುಂಬಾ ತಡವಾಗಬಹುದು. ಯಾವ ಮದ್ದು ಕೊಡುತ್ತೀರಿ ಎಂದು ಕೇಳಲು ಸಂಕೋಚ ಬೇಡ.

ಉಪವಾಸದ ವಿಷಯ ಮನೆಮಂದಿಗೆಲ್ಲ ಹೇಳಿಡಿ. ನಮ್ಮತ್ತೆಗೆ ಗೌರಿ ಅಂದರೆ ಪ್ರಾಣ. ಆವತ್ತು ಬೆಳಗ್ಗೆ, "ಪಾಪ, ಒಂದು ತುತ್ತು ಮೊಸರನ್ನ ಹಾಕಲೇನಮ್ಮಾ?" ಎಂದರು. "ಬೇಡ ಅತ್ತೆ, ಮಂಪರಿನಲ್ಲಿ ವಾಂತಿ ಆದರೆ ಶ್ವಾಸಕೋಶಕ್ಕೇ ಇಳಿಯುತ್ತೆ" ಎಂದೆ. ಎಷ್ಟು ಗಂಟೆ ಉಪವಾಸ, ನೀರು ಯಾವಾಗ ನಿಲ್ಲಿಸಬೇಕು ಎಂಬುದನ್ನು ಡಾಕ್ಟರೇ ಹೇಳಲಿ. ಪುಟ್ಟ ಮರಿಗಳನ್ನು ಜಾಸ್ತಿ ಹೊತ್ತು ಹಸಿವಿನಲ್ಲಿಟ್ಟರೆ ರಕ್ತದಲ್ಲಿ ಸಕ್ಕರೆ ಅಂಶ ಇಳಿದುಬಿಡುತ್ತದೆ. ಮೊಲಕ್ಕೆ ವಾಂತಿ ಮಾಡಲು ಆಗುವುದೇ ಇಲ್ಲ, ಅದನ್ನು ಉಪವಾಸ ಕೆಡವಬಾರದು.

ಈಗ ಮುಖ್ಯ ವಿಷಯ. ಬ್ರಿಟನ್ನಿನಲ್ಲಿ 2002ರಿಂದ 2004ರವರೆಗೆ ಸುಮಾರು 98 ಸಾವಿರ ನಾಯಿಗಳ ಅನಸ್ತೇಶಿಯಾ, ಅಂದರೆ ಮಂಪರು ಕೊಟ್ಟದ್ದರ ಲೆಕ್ಕ ಹಾಕಿದರು. ಆರೋಗ್ಯವಾಗಿದ್ದ ನಾಯಿಗಳಲ್ಲಿ ಸತ್ತದ್ದು ಸುಮಾರು 2 ಸಾವಿರಕ್ಕೆ ಒಂದು. ಕಾಯಿಲೆ ಇದ್ದವುಗಳಲ್ಲಿ 75ಕ್ಕೆ ಒಂದು. ಆ ಸಾವುಗಳಲ್ಲಿ ಹೆಚ್ಚುಕಮ್ಮಿ ಅರ್ಧ ಆಪರೇಷನ್ ಮುಗಿದ ಮೇಲೆ ಆದವು, ಅವುಗಳಲ್ಲೂ ಮೊದಲ 3 ಗಂಟೆಯಲ್ಲೇ ಜಾಸ್ತಿ. ಬೆಕ್ಕುಗಳಲ್ಲಿ ಈ ಪಾಲು ಇನ್ನೂ ಹೆಚ್ಚು. ಆದ್ದರಿಂದ ಮೊದಲೇ ಕೇಳಿ: ಉಸಿರಿಗೆ ಟ್ಯೂಬ್ ಹಾಕುತ್ತೀರಾ? ಮುಂಗಾಲಿನ ರಕ್ತನಾಳಕ್ಕೆ ಕ್ಯಾನುಲಾ (ಮದ್ದು, ಡ್ರಿಪ್ ಕೊಡುವ ಸಣ್ಣ ಕೊಳವೆ) ಇರುತ್ತದಾ? ಹೊಲಿಗೆ ಆದ ಮೇಲೆ ಪಕ್ಕದಲ್ಲಿ ಯಾರಿರುತ್ತಾರೆ? ಕಣ್ಣು ಬಿಟ್ಟಿತು ಅಂತ ತಕ್ಷಣ ಆಟೋ ಹತ್ತಿಸಬೇಡಿ. ತಾನೇ ತಲೆ ಎತ್ತಿ, ಎದ್ದು ನಿಲ್ಲಲಿ.

ಗೌರಿ ಏಳುವಾಗ ಡಾಕ್ಟರು ಅವಳ ತುಟಿ ಮೇಲೆತ್ತಿ ವಸಡು ತೋರಿಸಿದರು. ಬೆರಳಿಂದ ಒತ್ತಿದಾಗ ಆ ಜಾಗ ಬೆಳ್ಳಗಾಯಿತು, ಬಿಟ್ಟ ಕೂಡಲೇ ಗುಲಾಬಿ ಬಣ್ಣ ಮರಳಿತು. ರಕ್ತ ಸಂಚಾರ ಸರಿಯಿದ್ದರೆ 2 ಸೆಕೆಂಡಿನೊಳಗೆ ಮರಳಬೇಕು. ಇದನ್ನು ಆರೋಗ್ಯ ಚೆನ್ನಾಗಿರುವಾಗಲೇ ಮನೆಯಲ್ಲಿ ಮಾಡಿ ನೋಡಿಡಿ, ಆಗ ವ್ಯತ್ಯಾಸ ಗೊತ್ತಾಗುತ್ತದೆ. ಮೈ ತಣ್ಣಗಾಗುತ್ತದೆ, ಹೊದಿಸಲು ಹಳೆಯ ಕಂಬಳಿ ಒಯ್ಯಿರಿ.

ನೋವಿಗೆ ನಮ್ಮ ಮಾತ್ರೆ ಬೇಡವೇ ಬೇಡ. ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ, ಐಬುಪ್ರೊಫೆನ್ ನಾಯಿಗೂ ಅಪಾಯ. ಹೊಲಿಗೆ ನೆಕ್ಕದಂತೆ ಕುತ್ತಿಗೆಗೆ ಕೋನ್ ಹಾಕಿ, ಪಾಪ ಅಂತ ರಾತ್ರಿ ಬಿಚ್ಚಬೇಡಿ. ವಸಡು ಬಿಳಿಚಿದರೆ, ಉಸಿರಾಟ ಕಷ್ಟವಾದರೆ, ಹೊಲಿಗೆಯಿಂದ ರಕ್ತ ತೊಟ್ಟಿಕ್ಕಿದರೆ, ಹೊಟ್ಟೆ ಊದಿದರೆ ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದು ಎಂದು ಹಿಂದಿನ ದಿನವೇ ವಿಚಾರಿಸಿ, ಫೋನ್ ಮಾಡಿ ಖಚಿತ ಮಾಡಿಕೊಂಡಿರಿ.