ಅಕ್ಟೋಬರ್ ಬಿಟ್ಟು ಸೇಲಂ: ಅಪ್ಪ ಅಮ್ಮನ ಜೊತೆ ನನ್ನ ನಾಲ್ಕನೇ ಪ್ರಯತ್ನ

"ಅಪ್ಪ ಅಮ್ಮನ್ನ ಮ್ಯೂಸಿಯಂಗೆ ಕರ್ಕೊಂಡು ಹೋಗಿ ಏನು ಮಾಡ್ತೀಯಾ? ನಯಾಗರ ತೋರಿಸು, ಮುಗೀತು." ಇದು ನನ್ನ ಗೆಳೆಯನ ಮಾತು. ಅಮೆರಿಕದ ಬಾಸ್ಟನ್ ಹತ್ತಿರದ ಸೇಲಂಗೆ ಹೋಗ್ತಿದ್ದೀವಿ ಅಂದಾಗ ನಕ್ಕೇ ಬಿಟ್ಟ. ಮಾಟಗಾತಿಯರ ಊರು, ಅದೂ ಮೇ ತಿಂಗಳಲ್ಲಿ, ಅದೂ ಕಿವಿ ಸರಿಯಾಗಿ ಕೇಳದ ಅಮ್ಮ ಮತ್ತು ಮಂಡಿ ನೋವಿನ ಅಪ್ಪನ ಜೊತೆ. ಅವನು ನಕ್ಕಿದ್ದರಲ್ಲಿ ತಪ್ಪೇನಿಲ್ಲ. ಅದಕ್ಕೆ ಮುಂಚೆ ಮೂರು ಸಲ ಹೋಗಿ ಮೂರು ಸಲವೂ ದುಡ್ಡು ಕಳೆದುಕೊಂಡು ಬಂದವನು ನಾನು. ನಾಲ್ಕನೇ ಸಲ ಕೆಲಸ ಆಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬಾಸ್ಟನ್ ಸುತ್ತಮುತ್ತ ಇರುವವರಿಗೆ ಹೇಳಬೇಕಿಲ್ಲ, ಉಳಿದವರಿಗೆ ಒಂದು ಸಾಲು: 1692ರಲ್ಲಿ ಇಲ್ಲಿ ಮಾಟ ಮಾಡಿದರು ಅಂತ ಆರೋಪ ಹೊರಿಸಿ, ವಿಚಾರಣೆ ಮಾಡಿ ಹಲವರನ್ನು ಕೊಂದರು. ನೇರವಾಗಿ ಸೋಲಿನಿಂದಲೇ ಶುರು ಮಾಡುತ್ತೇನೆ.

ಮೊದಲ ಸಲ ಎಲ್ಲರ ಹಾಗೆ ಅಕ್ಟೋಬರ್ ಶನಿವಾರ ಹೋದೆವು, ದೆವ್ವ ಮಾಟಗಾತಿ ವೇಷ ಹಾಕುವ ಹ್ಯಾಲೋವೀನ್ ಹಬ್ಬದ ತಿಂಗಳು. ಇಡೀ ತಿಂಗಳು ಆ ಊರಿಗೆ ಬರುವವರ ಸಂಖ್ಯೆ ಹತ್ತು ಲಕ್ಷ ದಾಟುತ್ತದೆ. ಅವರೆಲ್ಲ ಅವತ್ತೇ ಬಂದಿದ್ದರು ಅನ್ನಿಸಿತು. ಕಾರು ನಿಲ್ಲಿಸಲು ಜಾಗ ಹುಡುಕಿದ್ದು ಒಂದೂಮುಕ್ಕಾಲು ಗಂಟೆ. ಕೊನೆಗೆ ಯಾರದೋ ಮನೆ ಅಂಗಳದಲ್ಲಿ 50 ಡಾಲರ್ ಕೊಟ್ಟು ನಿಲ್ಲಿಸಿದೆವು. ಅಷ್ಟರಲ್ಲಿ ನೋಡಬೇಕೆಂದುಕೊಂಡ ಕಡೆಯೆಲ್ಲ ಟಿಕೆಟ್ ಖಾಲಿ. ಒಂದು ಟೋಪಿ, ಎರಡು ಐಸ್‌ಕ್ರೀಂ, ಒಂದು ಜಗಳ. ಒಟ್ಟು 160 ಡಾಲರ್ ಹೋಗಿರಬೇಕು. ಒಂದು ಮ್ಯೂಸಿಯಂ ಬಾಗಿಲನ್ನೂ ದಾಟಲಿಲ್ಲ.

ಎರಡನೇ ಸಲ ಜಾಣನಾದೆ ಅಂದುಕೊಂಡು ನವೆಂಬರಿನ ಮಂಗಳವಾರ ರಜೆ ಹಾಕಿ ಹೋದೆ. ಊರಿನ ದೊಡ್ಡ ಮ್ಯೂಸಿಯಂ ಪೀಬಾಡಿ ಎಸೆಕ್ಸ್, ಅದಕ್ಕೆ ಮಂಗಳವಾರ ರಜ. ನೋಡಿಕೊಂಡು ಹೋಗದಿದ್ದದ್ದು ನನ್ನದೇ ದಡ್ಡತನ. ಬಾಗಿಲ ಗಾಜಿಗೆ ಮೂಗು ಒತ್ತಿ ಒಳಗೆ ನೋಡಿ ವಾಪಸ್ ಬಂದೆ.

ಮೂರನೇ ಸಲದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅತ್ತೆ ಮಾವ ಬಂದಿದ್ದರು. ಒಂದೇ ದಿನ ಮೂರು ಮಾಟಗಾತಿ ಪ್ರದರ್ಶನಕ್ಕೆ ಟಿಕೆಟ್ ತೆಗೆದೆ. ನಾಲ್ಕು ಜನಕ್ಕೆ ಸುಮಾರು 190 ಡಾಲರ್. ಮೂರೂ ಕಡೆ ಕತ್ತಲೆ, ಗೊಂಬೆಗಳು, ಗುಡುಗಿನ ಸದ್ದು, ಅದೇ ಕತೆ. ಮಾವ ಮೊದಲನೆಯದರಲ್ಲೇ ನಿದ್ದೆ ಹೋದರು. ಅತ್ತೆ ಮೂರನ್ನೂ ನೋಡಿ ಹೊರಗೆ ಬಂದು, "ಆ ಹೆಂಗಸ್ರನ್ನ ಸುಟ್ಟಿದ್ದು ಯಾಕೆ?" ಅಂದರು. ಸೇಲಂನಲ್ಲಿ ಒಬ್ಬರನ್ನೂ ಸುಡಲಿಲ್ಲ. 19 ಜನರನ್ನು ಗಲ್ಲಿಗೆ ಹಾಕಿದರು, ಅದರಲ್ಲಿ 5 ಜನ ಗಂಡಸರು. ಎಂಬತ್ತು ದಾಟಿದ ಜೈಲ್ಸ್ ಕೋರಿ ಎಂಬ ಮುದುಕನನ್ನು ಮೈಮೇಲೆ ಕಲ್ಲು ಹೇರಿ ಕೊಂದರು. 190 ಡಾಲರ್ ಕೊಟ್ಟು ಇಷ್ಟೂ ತಲುಪಲಿಲ್ಲ ಅಂದರೆ ತಪ್ಪು ಅತ್ತೆಯದಲ್ಲ. ಹಳೆಯ ಇಂಗ್ಲಿಷು, ಕತ್ತಲೆ, ಅವಸರ. ಯಾರಿಗೆ ಅರ್ಥವಾಗಬೇಕು?

ಅವತ್ತು ಕಾರಲ್ಲಿ ಬರುವಾಗಲೇ ತೀರ್ಮಾನ ಮಾಡಿದೆ. ಮುಂದಿನ ಸಲ ಪ್ರದರ್ಶನಗಳಿಗೆ ಸೊನ್ನೆ. ಕತೆ ನಾನೇ ಹೇಳುತ್ತೇನೆ, ಕನ್ನಡದಲ್ಲಿ, ಮೊದಲೇ ರೆಕಾರ್ಡ್ ಮಾಡಿ.

ಬೇರೆಯವರಿಗೆ ಹುಚ್ಚು ಅನ್ನಿಸಿದ್ದು ಇದೇ. ಅಮ್ಮನ ಕಿವಿಯ ಮಷೀನಿಗೆ ಬ್ಲೂಟೂತ್ ಇದೆ. ಗದ್ದಲದಲ್ಲಿ ನಾನು ಪಕ್ಕದಲ್ಲಿ ನಿಂತು ಕೂಗಿದರೆ ಅರ್ಧ ಕೇಳುವುದಿಲ್ಲ. ಫೋನಿಂದ ನೇರ ಮಷೀನಿಗೆ ಹೋದರೆ ಒಂದು ಅಕ್ಷರವೂ ತಪ್ಪುವುದಿಲ್ಲ. ಅಪ್ಪನಿಗೆ ಮಾಮೂಲಿ ಇಯರ್‌ಫೋನ್.

ಮೊದಲ ರೆಕಾರ್ಡಿಂಗ್ 22 ನಿಮಿಷ ಆಯಿತು. ಇಸವಿ, ತಾರೀಖು, ನ್ಯಾಯಾಧೀಶರ ಹೆಸರು ಎಲ್ಲ ತುಂಬಿದ್ದೆ. ಅಮ್ಮನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಎರಡು ದಿನ ಬಿಟ್ಟು ನಮ್ಮೂರು ಸಾಗರದಿಂದ ಉತ್ತರ ಬಂತು: "ಚೆನ್ನಾಗಿದೆ. ರೇಡಿಯೋ ವಾರ್ತೆ ಕೇಳಿದ ಹಾಗಾಯ್ತು." ಅಷ್ಟು ಸಾಕು. ಎಲ್ಲ ಅಳಿಸಿದೆ. ಎರಡನೇ ಸಲ ಹಾಳೆ ನೋಡದೆ, ಅಡುಗೆಮನೆಯಲ್ಲಿ ಕೂತು ಹರಟೆ ಹೊಡೆಯುವ ಹಾಗೆ ಹೇಳಿದೆ. 11 ತುಂಡು, ಒಂದೊಂದೂ ಎರಡು ಮೂರು ನಿಮಿಷ. ಒಂದು ತುಂಡಿಗೆ ಒಂದೇ ಜಾಗ, ಒಬ್ಬರೇ ಮನುಷ್ಯರು, ಹೆಚ್ಚೆಂದರೆ ಒಂದು ಇಸವಿ. ಇಡೀ ಗಲಾಟೆಯಲ್ಲಿ ಒಂದೇ ಒಂದು ವಿಷಯ ತಲೆಗೆ ಹೋಗಲೇಬೇಕು ಅಂತ ಎರಡನೇ ತುಂಡಿನಲ್ಲೇ ಹೇಳಿಬಿಟ್ಟೆ: ನಾನು ಮಾಟ ಮಾಡಿದೆ ಅಂತ ಒಪ್ಪಿಕೊಂಡವರು ಬದುಕಿದರು, ಗಲ್ಲಿಗೆ ಹೋದವರೆಲ್ಲ ನಾನು ಮಾಡಿಲ್ಲ ಅಂದವರು. ಮೊದಲು ತಪ್ಪೊಪ್ಪಿಕೊಂಡ ಟಿಟುಬಾ ಎಂಬ ಗುಲಾಮ ಹೆಂಗಸು ಜೈಲಿನಲ್ಲಿ ಕೊಳೆತರೂ ಜೀವ ಉಳಿಸಿಕೊಂಡಳು.

ಮೇ ಮೊದಲ ವಾರ, ಗುರುವಾರ. ರೈಲಿನಲ್ಲೇ ಹೋದೆವು. ಬಾಸ್ಟನ್ನಿನ ನಾರ್ತ್ ಸ್ಟೇಷನ್‌ನಿಂದ ಅರ್ಧ ಗಂಟೆ, ಆದರೆ ನಾನು ಅಲ್ಲಿಂದ ಹತ್ತುವುದಿಲ್ಲ. ಅದೇ ಲೈನಿನ ಬೇರೊಂದು ಸ್ಟೇಷನ್ ಹತ್ತಿರ ದಿನವಿಡೀ ಪುಕ್ಕಟೆ ಕಾರು ನಿಲ್ಲಿಸಬಹುದಾದ ಒಂದು ಬೀದಿ ಇದೆ. ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ವಾರ ಅಲ್ಲಿ ನನಗೇ ಜಾಗ ಇರುವುದಿಲ್ಲ.

ಮಾಟಗಾತಿಯರಿಂದ ಶುರು ಮಾಡಲಿಲ್ಲ. ಮೊದಲು ಪೀಬಾಡಿ ಎಸೆಕ್ಸ್‌ಗೆ ಹೋದೆವು. ಲೈಬ್ರರಿಯಲ್ಲಿ ಸಿಗುವ ರಿಯಾಯಿತಿ ಪಾಸ್ ಇತ್ತು, ಮೂವರಿಗೆ ಸೇರಿ 35 ಡಾಲರ್ ಆಸುಪಾಸು ಆಯಿತು. ಬೆಳಿಗ್ಗೆ ಮಂಡಿಯಲ್ಲಿ ಶಕ್ತಿ ಇರುವಾಗಲೇ ದೊಡ್ಡದನ್ನು ಮುಗಿಸಬೇಕು, ಅಲ್ಲಿ ಕೂರಲು ಬೆಂಚು ಬೇಕಾದಷ್ಟಿದೆ, ಟಾಯ್ಲೆಟ್ ಚೆನ್ನಾಗಿದೆ. ಇನ್ನೊಂದು ಕಾರಣ ಅಪ್ಪ. ಅವರು ಕಾಳುಮೆಣಸು ಬೆಳೆಯುವವರು. ಸೇಲಂ ಊರು ಸಿರಿವಂತವಾದದ್ದರಲ್ಲಿ ಮೆಣಸಿನ ಪಾಲು ದೊಡ್ಡದು. ಇದನ್ನು ಅವರಿಗೆ ಮೊದಲೇ ಹೇಳಿರಲಿಲ್ಲ, ಬೇಕಂತಲೇ.

ಈ ಮ್ಯೂಸಿಯಂ ಶುರುವಾದದ್ದು 1799ರಲ್ಲಿ, ಹಡಗಿನ ಕ್ಯಾಪ್ಟನ್‌ಗಳು ಕಟ್ಟಿಕೊಂಡ ಸಂಘದಿಂದ. ಸಂಘಕ್ಕೆ ಸೇರಬೇಕೆಂದರೆ ಆಫ್ರಿಕಾದ ತುದಿಯನ್ನೋ ದಕ್ಷಿಣ ಅಮೆರಿಕದ ತುದಿಯನ್ನೋ ಸುತ್ತಿ ಬಂದಿರಬೇಕು. ಬರುವಾಗ ತಂದ ವಿಚಿತ್ರ ವಸ್ತುಗಳನ್ನೆಲ್ಲ ಇಲ್ಲಿ ಇಟ್ಟರು. ಕಲ್ಕತ್ತೆಯಲ್ಲಿ ಅವರ ವ್ಯಾಪಾರ ನೋಡಿಕೊಳ್ಳುತ್ತಿದ್ದ ಬಂಗಾಳಿ ದಲ್ಲಾಳಿಗಳ ಮಣ್ಣಿನ ಮೂರ್ತಿಗಳೂ ಬಂದವು. ಆಳೆತ್ತರದವು, ಒಳಗೆ ಹುಲ್ಲು, ಮೇಲೆ ಮಣ್ಣು, ಅದರ ಮೇಲೆ ನಿಜವಾದ ಬಟ್ಟೆ. ನಮ್ಮ ಕಡೆ ಗಣಪತಿ ಮಾಡುವ ಹಾಗೇ. ಅಮ್ಮ ಅವುಗಳ ಎದುರು ನಿಂತು ಬಟ್ಟೆಯ ಅಂಚು ನೋಡುತ್ತಾ, "ಇಷ್ಟು ವರ್ಷ ಆದ್ರೂ ಹುಳ ಹಿಡಿದಿಲ್ಲ ನೋಡು" ಅಂದರು.

ಅಪ್ಪನಿಗೆ ಅವು ಬೇಕಿರಲಿಲ್ಲ. ಅವರು ಕಿವಿಯಲ್ಲಿ ನಾಲ್ಕನೇ ತುಂಡು ಕೇಳುತ್ತಿದ್ದರು. ಜೊನಾಥನ್ ಕಾರ್ನ್ಸ್ ಎಂಬ ಕ್ಯಾಪ್ಟನ್ 1790ರ ದಶಕದಲ್ಲಿ ಎಲ್ಲಿಗೆ ಹೋಗುತ್ತಿದ್ದೇನೆ ಅಂತ ಯಾರಿಗೂ ಹೇಳದೆ ಸುಮಾತ್ರಾಕ್ಕೆ ಹೋಗಿ ಹಡಗು ತುಂಬ ಮೆಣಸು ತಂದ. ಲಾಭ ಶೇಕಡಾ 700 ಅಂತ ಕತೆ. ಅಪ್ಪ ಇಯರ್‌ಫೋನ್ ತೆಗೆದು, "ಏಳು ಪಟ್ಟಾ? ಸೊರಗು ರೋಗ ಬಂದಿದ್ದ್ರೆ ಗೊತ್ತಾಗ್ತಿತ್ತು ಅವನಿಗೆ" ಅಂದರು. ಆಮೇಲೆ ಹತ್ತು ನಿಮಿಷ ಗೇರುಸೊಪ್ಪೆಯ ಚೆನ್ನಭೈರಾದೇವಿಯ ವಿಷಯ. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅಂತಲೇ ಕರೆಯುತ್ತಿದ್ದರು, ಇವರಿಗಿಂತ ಇನ್ನೂರು ವರ್ಷ ಮುಂಚೆ ನಮ್ಮವರು ಈ ವ್ಯಾಪಾರ ಮಾಡಿ ಮುಗಿಸಿದ್ದರು, ಹಾಗೆ ಹೀಗೆ. ಪಕ್ಕದಲ್ಲಿದ್ದ ಕಾವಲಿನ ಹೆಂಗಸು ಜಗಳ ಅಂದುಕೊಂಡು ನಮ್ಮ ಕಡೆಗೇ ಬಂದಳು.

ಅದೇ ಮ್ಯೂಸಿಯಂನಲ್ಲಿ ಚೀನಾದ ಇನ್‌ ಯು ಟಾಂಗ್ ಎಂಬ ಮನೆ ಇದೆ. ಇನ್ನೂರು ವರ್ಷ ಹಳೆಯದು. 2,700 ಚಿಲ್ಲರೆ ಮರದ ತುಂಡು ಬಿಚ್ಚಿ, ಹಡಗಿನಲ್ಲಿ ತಂದು, ಇಲ್ಲಿ ಜೋಡಿಸಿ 2003ರಲ್ಲಿ ಬಾಗಿಲು ತೆರೆದರು. ನಾವು ಹೋದಾಗ ಇದಕ್ಕೆ ಬೇರೆ ಟಿಕೆಟ್ ಇತ್ತು, ಮೊದಲೇ ಸಮಯ ಹೇಳಿ ತೆಗೆಯಬೇಕಿತ್ತು. ದುಡ್ಡು ದಂಡ ಅಂದುಕೊಂಡಿದ್ದೆ. ಒಳಗೆ ಹೋದರೆ ನಮ್ಮ ತೊಟ್ಟಿಮನೆ! ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಎರಡು ಮಹಡಿ, 16 ಮಲಗುವ ಕೋಣೆ. ಅಪ್ಪ ಕಂಬದ ಬುಡದ ಕಲ್ಲನ್ನು ಬಗ್ಗಿ ನೋಡಿದರು. ಮಳೆನೀರು ಹೊರಗೆ ಹೋಗುವ ದಾರಿ ಎಲ್ಲಿ ಅಂತ ಹುಡುಕಿದರು. ಮಂಡಿ ನೋವು ಅಂದವರು ಮೆಟ್ಟಿಲು ಹತ್ತಿ ಮೇಲೂ ಹೋದರು. ಊರಿನ ಹಳೆಮನೆ ಕೆಡವಿ ಆರ್‌ಸಿಸಿ ಹಾಕಿಸಿದ್ದು ಇದೇ ಅಪ್ಪ. ನಾನು ಏನೂ ಹೇಳಲಿಲ್ಲ, ಅವರೂ ಏನೂ ಹೇಳಲಿಲ್ಲ.

ಊಟಕ್ಕೆ ಡಬ್ಬಿ. ಹಿಂದೆ ಹಡಗು ನಿಲ್ಲುತ್ತಿದ್ದ ಡರ್ಬಿ ಧಕ್ಕೆಯ ಬೆಂಚಿನ ಮೇಲೆ ಕೂತು ಮೊಸರನ್ನ, ಮಿಡಿ ಉಪ್ಪಿನಕಾಯಿ, ಕೋಡುಬಳೆ. ಇಲ್ಲಿ ಎಚ್ಚರ ಬೇಕು. ಕೋಡುಬಳೆ ಹೊರಗೆ ತೆಗೆದ ಅರ್ಧ ನಿಮಿಷಕ್ಕೆ ಒಂದು ಸಮುದ್ರದ ಹಕ್ಕಿ ಅಪ್ಪನ ಕೈಯಿಂದಲೇ ಹಾರಿಸಿಕೊಂಡು ಹೋಯಿತು. ಎದುರಿಗಿರುವ ಕಸ್ಟಮ್ ಹೌಸ್, ಗೋದಾಮು ಎಲ್ಲ ನ್ಯಾಷನಲ್ ಪಾರ್ಕಿನವರದು, ಪುಕ್ಕಟೆ. ಹಡಗಿನಿಂದ ಇಳಿದ ಮಾಲು ತೂಗುತ್ತಿದ್ದ ದೊಡ್ಡ ತಕ್ಕಡಿ ನೋಡಿ ಅಪ್ಪ, "ಇದ್ರಲ್ಲಿ ಎಷ್ಟು ಹೊಡೀತಿದ್ರೋ" ಅಂದರು. ಮೆಣಸಿನ ಮಾರುಕಟ್ಟೆಯಲ್ಲಿ ತೂಕ ಹಾಕಿಸಿದವರ ಮಾತು. ಈ ಊರಿನ ಹಳೆಯ ಮುದ್ರೆಯ ಮೇಲೆ ಇರುವುದು ಕೊಡೆ ಹಿಡಿದ ಸುಮಾತ್ರಾದ ಮನುಷ್ಯ ಮತ್ತು ಹಡಗು. ಪೊಲೀಸ್ ಕಾರಿನ ಮೇಲೆ ಇರುವುದು ಪೊರಕೆ ಮೇಲೆ ಕೂತ ಮಾಟಗಾತಿ. ಎರಡನ್ನೂ ಒಂದೇ ದಿನ ತೋರಿಸಿದರೆ ಊರು ಅರ್ಥವಾಗುತ್ತದೆ. ನನ್ನ ಇಡೀ ವಿಧಾನ ಇಷ್ಟೇ.

ಮೂರು ಗಂಟೆಗೆ ಚಾರ್ಟರ್ ಸ್ಟ್ರೀಟ್ ಸ್ಮಶಾನದ ಪಕ್ಕದ ಸ್ಮಾರಕ. 1992ರಲ್ಲಿ, 300 ವರ್ಷ ತುಂಬಿದಾಗ ಕಟ್ಟಿದ್ದು. ಗೋಡೆಯಿಂದ ಹೊರಗೆ ಚಾಚಿದ 20 ಕಲ್ಲಿನ ಜಗಲಿಗಳು, ಒಂದೊಂದರ ಮೇಲೆ ಒಂದು ಹೆಸರು, ಹೇಗೆ ಸತ್ತರು, ಯಾವತ್ತು. ಒಳಗೆ ಕಾಲಿಡುವ ಕಡೆ ನೆಲದ ಕಲ್ಲಿನ ಮೇಲೆ ಅವರು ಆಡಿದ ಮಾತು ಕೆತ್ತಿದ್ದಾರೆ. ಗೋಡೆ ಅಡ್ಡ ಬಂದು ಮಾತು ಅರ್ಧಕ್ಕೇ ನಿಲ್ಲುತ್ತದೆ.

ರೆಬೆಕಾ ನರ್ಸ್ ಹೆಸರಿನ ಕಲ್ಲಿನ ಹತ್ತಿರ ಎಂಟನೇ ತುಂಡು ಹಾಕಿದೆ. 71 ವರ್ಷದ ಅಜ್ಜಿ. ತೀರ್ಪು ಹೇಳುವ ಪಂಚರು, ಅಂದರೆ ಜ್ಯೂರಿ, ಮೊದಲು ತಪ್ಪಿತಸ್ಥೆ ಅಲ್ಲ ಅಂದರು. ನ್ಯಾಯಾಲಯ ಇನ್ನೊಂದು ಸಲ ಯೋಚಿಸಿ ಅಂತ ಕಳಿಸಿತು. ಅವಳು ಆಡಿದ ಒಂದು ಮಾತಿನ ಅರ್ಥ ಏನು ಅಂತ ಪಂಚರು ಅವಳನ್ನೇ ಕೇಳಿದರು. ಅವಳು ಉತ್ತರ ಕೊಡಲಿಲ್ಲ. ಕಿವಿ ಮಂದ, ಪ್ರಶ್ನೆ ಕೇಳಿಸಿರಲಿಲ್ಲ. ಮೌನವನ್ನೇ ಒಪ್ಪಿಗೆ ಅಂದುಕೊಂಡು ತೀರ್ಪು ಬದಲಾಯಿಸಿದರು. 1692ರ ಜುಲೈ 19ಕ್ಕೆ ಗಲ್ಲು.

ಅಮ್ಮ ಅದೇ ತುಂಡನ್ನು ಮತ್ತೆ ಹಾಕಲು ಹೇಳಿದರು. ಎರಡನೇ ಸಲ ಕೇಳಿ, ಮಷೀನನ್ನು ಒಂದು ಸಲ ಮುಟ್ಟಿ ನೋಡಿಕೊಂಡು, "ಇನ್ನೊಂದ್ಸಲ ಕೇಳ್ಬೋದಿತ್ತಲ್ವಾ ಅವ್ರು?" ಅಂದರು. ಜಗಲಿಯ ಮೇಲೆ ಯಾರೋ ಇಟ್ಟಿದ್ದ ಹೂವು ಗಾಳಿಗೆ ಕೆಳಗೆ ಬಿದ್ದಿತ್ತು. ಎತ್ತಿ ಹೆಸರಿನ ಪಕ್ಕ ಇಟ್ಟು, ಮೇಲೆ ಒಂದು ಸಣ್ಣ ಕಲ್ಲು ಹೇರಿದರು.

ವಾಪಸ್ ಸ್ಟೇಷನ್ ದಾರಿಯಲ್ಲೇ ವಿಚ್ ಹೌಸ್. ಹೆಸರಿಗೆ ಮಾಟಗಾತಿ ಮನೆ, ಇದ್ದದ್ದು ವಿಚಾರಣೆ ಮಾಡಿದ ನ್ಯಾಯಾಧೀಶ ಜೊನಾಥನ್ ಕಾರ್ವಿನ್. ಆ ಪ್ರಕರಣಕ್ಕೆ ನೇರ ನಂಟಿರುವ ಕಟ್ಟಡ ಸೇಲಂನಲ್ಲಿ ಉಳಿದಿರುವುದು ಇದೊಂದೇ. ಮೂವರಿಗೆ 30 ಡಾಲರ್ ಹತ್ತಿರ. ಅರ್ಧ ಗಂಟೆ ಸಾಕು. ತೊಲೆ ತಗ್ಗು, ತಲೆ ಜೋಪಾನ.

ಲೆಕ್ಕ: ರೈಲು 40 ಚಿಲ್ಲರೆ, ಮ್ಯೂಸಿಯಂ ಮತ್ತು ಚೀನಾ ಮನೆ 55 ಇರಬಹುದು, ವಿಚ್ ಹೌಸ್ 30, ಮೆಣಸಿನ ಮಿಠಾಯಿ ಅಂತ ಅಪ್ಪ ಹಟ ಹಿಡಿದು ಕೊಂಡದ್ದು 10. ಒಟ್ಟು 140 ಒಳಗೆ. ಅಪ್ಪ ಮನಸ್ಸಲ್ಲೇ ರೂಪಾಯಿಗೆ ಗುಣಿಸಿ ರೈಲಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಒಂದು ಅಡ್ಡದಾರಿಯ ಪ್ರಯೋಗವೂ ಆಯಿತು, ಅದು ಕೈಕೊಟ್ಟಿತು. ಗಲ್ಲಿಗೆ ಹಾಕಿದ ಜಾಗ ಪ್ರಾಕ್ಟರ್ಸ್ ಲೆಡ್ಜ್ ಅಂತ 2016ರಲ್ಲಿ ಗಟ್ಟಿಯಾಯಿತು, ಮರುವರ್ಷ ಅಲ್ಲೊಂದು ಸ್ಮಾರಕ ಮಾಡಿದರು. ಇನ್ನೊಂದು ದಿನ ಅಲ್ಲಿಗೂ ಕರೆದುಕೊಂಡು ಹೋದೆ. ಒಂದು ಔಷಧಿ ಅಂಗಡಿಯ ಹಿಂದೆ, ಮನೆಗಳ ನಡುವೆ, ಅರ್ಧ ಚಂದ್ರದ ಹಾಗೆ ಒಂದು ಕಲ್ಲಿನ ಗೋಡೆ. ಕೂರಲು ಜಾಗ ಇಲ್ಲ, ಬಿಸಿಲು. ಅಪ್ಪ ಕಾರಿನಿಂದ ಇಳಿಯಲೇ ಇಲ್ಲ. ಅದಕ್ಕಿಂತ ಡ್ಯಾನ್ವರ್ಸ್‌ನ ರೆಬೆಕಾ ನರ್ಸ್ ತೋಟದ ಮನೆ ಮೇಲು. ಗಲಾಟೆ ಮೊದಲು ಶುರುವಾದದ್ದೂ ಆ ಊರಿನಲ್ಲೇ, ಆಗ ಅದಕ್ಕೆ ಸೇಲಂ ವಿಲೇಜ್ ಅಂತ ಹೆಸರು.

ಊರಿಗೆ ಹೋದ ಮೇಲೆ ಅಮ್ಮ ಫೋನಿನಲ್ಲಿ ಚಿಕ್ಕಮ್ಮನಿಗೆ ರೆಬೆಕಾ ಅಜ್ಜಿಯ ಕತೆ ಹೇಳಿದ್ದಾರೆ. ಅದನ್ನೇ ನನಗೂ ಒಂದು ಸಲ ಹೇಳಿ ಅಂತ ಕೇಳಿ ರೆಕಾರ್ಡ್ ಮಾಡಿಕೊಂಡೆ. ನನ್ನದಕ್ಕಿಂತ ಎಷ್ಟೋ ಚೆನ್ನಾಗಿದೆ. ಈಗ ಎಂಟನೇ ತುಂಡು ಅಮ್ಮನದೇ.

ನಯಾಗರ ಅಂದಿದ್ದ ಗೆಳೆಯನ ಅತ್ತೆ ಮಾವ ಮುಂದಿನ ತಿಂಗಳು ಬರುತ್ತಿದ್ದಾರೆ. ಮೊನ್ನೆ ಫೋನ್ ಮಾಡಿ ರೆಕಾರ್ಡಿಂಗ್ ಕೇಳಿದ. ಹನ್ನೊಂದೂ ಕಳಿಸಿದೆ. ಕಾರು ನಿಲ್ಲಿಸುವ ಬೀದಿ ಯಾವುದು ಅಂತಲೂ ಕೇಳಿದ. ಹೇಳಲಿಲ್ಲ.